ಹಿಂದಿನ ಕೋಣೆಗೆ ಕೀಲಿ ಹಾಕದವ

ಮಕ್ಕಳೇ ಶರಣು, ಗಂಗಾ, ನಮ್ಮೂರಿಗೆ ಜೇವರ್ಗಿಯಿಂದ ಒಬ್ಬ ಕೀಲಿ ರಿಪೇರಿಯವ ಬರುತ್ತಿದ್ದ. ಯಾವ ಬಾಗಿಲಿಗೆ ಕೀಲಿ ಕೂಡಿಸುವಾಗಲೂ ಮೊದಲು ಕದಕ್ಕೆ ಕಿವಿ ಹಚ್ಚಿ, "ಒಳಗ ಯಾರರ ಅದಾರೇನ್ರಿ?" ಎಂದು ಕೇಳುತ್ತಿದ್ದ. ಮಂದಿ ನಗುತ್ತಿದ್ದರು.

ಒಮ್ಮೆ ಪಕ್ಕದ ಮನೆಯ ಗೌಡರು ಹಿಂದಿನ ಕೋಣೆಗೆ ಹೊರಗಿನಿಂದ ಕೀಲಿ ಹಾಕಿಸಲು ಅವನನ್ನು ಕರೆಸಿದರು.

"ಜ್ವಾಳದ ಚೀಲ ಅದಾವಲೇ, ಹಾಕು."

ಒಳಗೆ ಬಳೆ ಸಪ್ಪಳವಾಯಿತು.

"ಜ್ವಾಳ ಕೈಯಾಗ ಬಳಿ ಇಟ್ಕೊಳ್ಳಂಗಿಲ್ರಿ ಗೌಡ್ರ," ಎಂದು ಅವನು ಸಾಮಾನು ಎತ್ತಿಕೊಂಡು ಹೋದ.

ಒಳಗಿದ್ದವಳು ಆ ಮನೆಯ ಸೊಸೆ. ಸಂಜೆಯೊಳಗೆ ಪೇಟೆಯಿಂದ ತಂದ ಕೀಲಿ ಆ ಕದಕ್ಕೆ ಬಿತ್ತು. ಮಳೆಗಾಲ ಮುಗಿಯುವ ಮೊದಲೇ ಆಕೆ ಅಲ್ಲೇ ತೀರಿಕೊಂಡಳು. ಜ್ವರ ಬಂದು ಸತ್ತಳು, ಆ ಕೋಣೆಗೆ ಕೀಲಿಯೇ ಇರಲಿಲ್ಲ ಎಂದರು ಮನೆಯವರು. ಆ ಕೀಲಿ ರಿಪೇರಿಯವನೊಬ್ಬನೇ ಪೊಲೀಸರ ಮುಂದೆ ಬಳೆ ಸಪ್ಪಳದ ಮಾತು ಹೇಳಿದ. ಯಾರೂ ಬರೆದುಕೊಳ್ಳಲಿಲ್ಲ.

ನಾನು ಬರೆದಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿಡಿ.