ಇಲ್ಲದ ಕುರ್ಚಿಯ ಮೂಲ

ಜಯಮಾಲಾ ತನ್ನ ಪುಸ್ತಕದ ಇನ್ನೂರ ಹನ್ನೆರಡನೆಯ ನಮೂದಿನ ಮುಂದೆ ‘ಖಚಿತ’ ಎಂದು ಬರೆದದ್ದು ಒಂದು ಭಾನುವಾರ ಸಂಜೆ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಆ ಪದ ಕಣ್ಣಿಗೆ ಬಿದ್ದರೆ ಸಾಕು, ಅವಳಿಗೆ ಕಸಿವಿಸಿಯಾಗುತ್ತಿತ್ತು.

ಧಾರವಾಡದ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಅವಳು ಹದಿನೆಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದಾಳೆ. ದ್ರಾವಣ ಸಿದ್ಧ ಮಾಡುವುದು, ಗಾಜಿನ ಸಾಮಾನು ಎಣಿಸಿ ಕೊಡುವುದು, ಎರಡು ಅಳತೆಗಳು ಹೊಂದುವವರೆಗೆ ವಿದ್ಯಾರ್ಥಿಗಳನ್ನು ಬಿಡದಿರುವುದು ಅವಳ ಕೆಲಸ. ಸಂಜೆಯ ಕೆಲಸ ಬೇರೆ. ಸಪ್ತಾಪುರದ ಬಾಡಿಗೆ ಕೋಣೆಯೊಂದರಲ್ಲಿ ಮೂವರು ಹುಡುಗರು ‘ಸೆಕೆಂಡ್ ಫ್ಲೋರ್’ ಎಂಬ ಹಾಸ್ಯ ಸರಣಿ ಮಾಡಿ ಪ್ರತಿ ಭಾನುವಾರ ಹನ್ನೊಂದಕ್ಕೆ ಯೂಟ್ಯೂಬಿಗೆ ಹಾಕುತ್ತಾರೆ. ಪ್ರತಿ ಕಂತಿನಲ್ಲೂ ಹಳೆಯ ಎರಡು ಮೂರು ಸಂಗತಿಗಳನ್ನು ಅಡಗಿಸಿಟ್ಟಿರುತ್ತಾರೆ. ಒಮ್ಮೆ ಮರೆತುಹೋದ ರೇಡಿಯೊ ಜಾಹೀರಾತಿನ ಧಾಟಿ, ಇನ್ನೊಮ್ಮೆ ಮುಚ್ಚಿಹೋದ ಟಾಕೀಸಿನ ಸ್ಲೈಡು. ಅವುಗಳ ಮೂಲ ಹುಡುಕುವವರ ವಾಟ್ಸ್ಯಾಪ್ ಗುಂಪಿನ ಹೆಸರು ‘ಇದು ಎಲ್ಲೀದು?’. ಆರುನೂರ ನಲವತ್ತು ಜನ. ನಡೆಸುವವಳು, ಸಿಕ್ಕ ಮೂಲಗಳನ್ನು ಪುಸ್ತಕದಲ್ಲಿ ನಮೂದಿಸುವವಳು ಜಯಮಾಲಾ.

ಗುಂಪಿಗೆ ಎರಡು ನಿಯಮಗಳಿದ್ದವು, ಎರಡನ್ನೂ ಅವಳೇ ಮಾಡಿದ್ದಳು. ಎರಡು ಸಾಕ್ಷಿ ಇಲ್ಲದೆ ಯಾವುದೂ ಖಚಿತವಲ್ಲ. ಸರಣಿ ಮಾಡುವ ಹುಡುಗರನ್ನು ಯಾರೂ ಕೇಳಬಾರದು. ಕೇಳಿದರೆ ಹುಡುಕುವ ಆಟವೇ ಮುಗಿಯಿತು.

ಆ ಭಾನುವಾರದ ಕಂತಿನಲ್ಲಿ ಮನೆ ಮಾಲೀಕರು ಕೋಣೆ ನೋಡಲು ಬರುತ್ತಾರೆ. ಕೋಣೆಯಲ್ಲಿ ಕುರ್ಚಿ ಇಲ್ಲ. ಅಮರೇಶ ಎಂಬ ಹುಡುಗ ಹೆಗಲ ಮೇಲಿನ ಟವೆಲ್ ತೆಗೆದು ಇಲ್ಲದ ಕುರ್ಚಿಯನ್ನು ಒರೆಸುತ್ತಾನೆ. ಬೆನ್ನು, ಆಸನ, ಮೂರು ಕಾಲು. ನಾಲ್ಕನೆಯ ಕಾಲಿಗೆ ಬಂದಾಗ ನಿಂತು, ಅದರ ಕೆಳಗೆ ಇಲ್ಲದ ಇಟ್ಟಿಗೆಯೊಂದನ್ನು ತಳ್ಳುತ್ತಾನೆ. ಮೊದಲು ತಾನು ಕುಳಿತು ನೋಡಿ, ಎದ್ದು, ‘ಕುಂದರ್ರಿ ಧಣ್ಯಾರ, ಬಿಸಿ ಮಾಡೇನಿ’ ಎನ್ನುತ್ತಾನೆ.

ಹುಬ್ಬಳ್ಳಿಯಲ್ಲಿ ಟೇಪ್‌ರೆಕಾರ್ಡರ್, ಮಿಕ್ಸರ್ ರಿಪೇರಿ ಮಾಡುವ ಯಾಸೀನ ಎರಡು ತಾಸಿನೊಳಗೆ ೧೯೯೧ರ ಒಂದು ನಾಟಕ ಕಂಪನಿಯ ಕ್ಯಾಸೆಟ್ ಹುಡುಕಿದ. ಅದರಲ್ಲಿ ಅದೇ ಮಾತು, ತೀರಿಹೋದ ಹಾಸ್ಯನಟ ಮಡಿವಾಳಪ್ಪನ ಧ್ವನಿಯಲ್ಲಿ. ಗುಂಪಿನ ಇನ್ನೊಬ್ಬರು ಅದೇ ಕಂಪನಿಯ ಹ್ಯಾಂಡ್‌ಬಿಲ್ಲಿನ ಫೋಟೊ ಕಳಿಸಿದರು: ‘ಮಡಿವಾಳಪ್ಪನವರ ಕುರ್ಚಿ ಸೀನು ನೋಡಲು ಮರೆಯದಿರಿ.’ ಎರಡು ಸಾಕ್ಷಿ. ಜಯಮಾಲಾ ಖಚಿತ ಎಂದಳು. ರಾತ್ರಿಯೊಳಗೆ ಹುಡುಗರೇ ಯೂಟ್ಯೂಬಿನಲ್ಲಿ ಬರೆದರು: ಮೂಲ ಯಾರದೆಂದು ನಮಗೂ ಗೊತ್ತಿರಲಿಲ್ಲ, ಮುಂದಿನ ಭಾನುವಾರ ನೂರನೆಯ ಕಂತು, ಅದರ ಮೊದಲಿಗೆ ಮಡಿವಾಳಪ್ಪನವರ ಹೆಸರು ಹಾಕುತ್ತೇವೆ.

ಬುಧವಾರ ಯಾಸೀನ ನಗುತ್ತಲೇ ಫೋನ್ ಮಾಡಿದ. ಬೈರಿದೇವರಕೊಪ್ಪದಿಂದ ಒಬ್ಬ ಮುದುಕಿ ಮೊಬೈಲಿನ ಸ್ಪೀಕರ್ ಕೆಟ್ಟಿದೆಯೆಂದು ಅಂಗಡಿಗೆ ಬಂದಿದ್ದಳಂತೆ. ಸರಿಯಾಗಿದೆಯೋ ಇಲ್ಲವೋ ನೋಡಲು ಅವನು ಹಚ್ಚಿದ್ದು ಅದೇ ಕಂತು. ಮುದುಕಿ ಪೂರ್ತಿ ನೋಡಿ, ‘ಇದು ನಂದು’ ಎಂದು ಹೇಳಿ ಹೋದಳಂತೆ.

“ಹೆಸರೇನು ಅಂದ್ರು?” ಎಂದಳು ಜಯಮಾಲಾ.

“ಕಸ್ತೂರೆವ್ವ. ಬಿಡ್ರಿ ಮೇಡಂ, ವಯಸ್ಸಾಗೇತಿ. ಎಲ್ಲಾ ನಂದಾ ಅನಸತೈತಿ.”

ಅವಳು ಫೋನಿಟ್ಟಳು, ಆದರೆ ಬಿಡಲಾಗಲಿಲ್ಲ. ಎದುರಿನ ಮೇಜಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಹದಿನಾಲ್ಕು ಬಿಂದು ಆರು, ಹದಿನಾಲ್ಕು ಬಿಂದು ಆರು ಎಂದು ಬರೆದಿದ್ದರು. ಒಬ್ಬನದನ್ನು ಇನ್ನೊಬ್ಬ ನೋಡಿ ಬರೆದಿದ್ದಾನೆಂದು ಹತ್ತು ಹೆಜ್ಜೆ ದೂರದಿಂದಲೇ ಅವಳಿಗೆ ತಿಳಿಯಿತು. ಮನೆಗೆ ಹೋಗಿ ಕ್ಯಾಸೆಟ್ಟಿನ ರಟ್ಟಿನ, ಹ್ಯಾಂಡ್‌ಬಿಲ್ಲಿನ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಅದೇ ಅಕ್ಷರ, ಅದೇ ಸಾಲು. ಎರಡನ್ನೂ ಅಚ್ಚು ಮಾಡಿಸಿದ್ದು ಒಬ್ಬನೇ ಕಂಪನಿ ಮಾಲೀಕ. ಅವಳ ಎರಡು ಸಾಕ್ಷಿಗಳು ನಿಜವಾಗಿ ಒಂದೇ ಆಗಿದ್ದವು.

ಗುರುವಾರ ಯಾಸೀನನಿಂದ ವಿಳಾಸ ಕೇಳಿಕೊಂಡು, ಅರ್ಧ ದಿನದ ರಜೆ ಹಾಕಿ ಹುಬ್ಬಳ್ಳಿ ಕಡೆಯ ಚಿಗರಿ ಬಸ್ಸು ಹತ್ತಿದಳು. ಸೀಟು ಖಾಲಿಯಿದ್ದರೂ ರಾಯಾಪುರ ದಾಟುವವರೆಗೆ ನಿಂತೇ ಇದ್ದಳು. ಮಡಿವಾಳಪ್ಪನ ಹೆಸರು ತೆರೆಯ ಮೇಲೆ ಬರಲು ಮೂರೇ ದಿನ ಉಳಿದಿತ್ತು.

ಕಸ್ತೂರೆವ್ವ ಮಗಳ ಮನೆಯ ಮುಂದಿನ ಕೋಣೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಎಪ್ಪತ್ತೆರಡರ ವಯಸ್ಸು, ನೆಟ್ಟಗಿನ ಬೆನ್ನು. ಮಡಿವಾಳಪ್ಪನಿದ್ದ ನಾಟಕ ಕಂಪನಿಯಲ್ಲಿ ಹನ್ನೊಂದು ವರ್ಷ ಮನೆಗೆಲಸದವಳ ಪಾತ್ರ ಮಾಡಿದ್ದಾಗಿ, ಎಂಬತ್ತೊಂಬತ್ತರಲ್ಲಿ ಬಿಟ್ಟದ್ದಾಗಿ ಹೇಳಿದಳು. ಅಣ್ಣಿಗೇರಿಯ ಕ್ಯಾಂಪಿನಲ್ಲಿ ಒಂದು ದಿನ ರಂಗದ ಮೇಲೆ ಕುರ್ಚಿ ಇಡುವುದನ್ನೇ ಮರೆತಿದ್ದರಂತೆ. ಮಡಿವಾಳಪ್ಪ ಮಾತು ಮರೆತು ಬೆವರುತ್ತ ನಿಂತಿದ್ದ. ಇವಳು ಸೆರಗಿನಿಂದ ಇಲ್ಲದ ಕುರ್ಚಿ ಒರೆಸಿದಳು. ಮರುದಿನದಿಂದ ಕುರ್ಚಿ ಇಡಲೇಬಾರದೆಂದು ಮಾಲೀಕರು ಹೇಳಿದರು. ಅವಳು ಬಿಟ್ಟ ಮೇಲೆ ಮಡಿವಾಳಪ್ಪನೇ ಅದನ್ನು ಟವೆಲಿನಿಂದ ಮಾಡತೊಡಗಿದ.

“ನಂದು ಅಂತ ತೋರಸಾಕ ನನ್ನ ಕಡೆ ಏನೂ ಇಲ್ಲ, ಯವ್ವಾ,” ಎಂದಳು. “ಹ್ಯಾಂಡ್‌ಬಿಲ್ಲಿನ್ಯಾಗ ನಮ್ಮ ಹೆಸರು ಇತರ ಸ್ತ್ರೀ ಪಾತ್ರಗಳು ಅಂತಿತ್ತು. ಆರು ಮಂದಿಗೆ ಒಂದಾ ಹೆಸರು.”

“ನಾಲ್ಕನೇ ಕಾಲಿಗೆ ಏನ ಮಾಡ್ತಿದ್ರಿ, ಆಯಿ?”

“ಇಟ್ಟಂಗಿ ಇಡ್ತಿದ್ದೆ. ನಮ್ಮ ಕಂಪನಿ ಕುರ್ಚಿ ಅಂದ್ರ ಅದಕ್ಕ ಮೂರಾ ಕಾಲು.”

ಕಂತನ್ನು ಕಸ್ತೂರೆವ್ವ ನೋಡಿದ್ದಳಲ್ಲ. ಹಾಗಾಗಿ ಇದು ಸಾಕ್ಷಿಯಾಗಲಾರದು. ಆದರೆ ವಾಪಸು ಬರುವಾಗ ಜಯಮಾಲಾಗೆ ಒಂದು ವಿಷಯ ಹೊಳೆಯಿತು. ಕ್ಯಾಸೆಟ್ಟಿನಲ್ಲಿ ಆ ಮಾತಿಗೆ ಮೊದಲು ಒಂಬತ್ತು ಸೆಕೆಂಡು ಬರೀ ನಗು. ಇಟ್ಟಿಗೆ ಕಿವಿಗೆ ಕೇಳುವುದಿಲ್ಲ. ಅಂದರೆ ಅಮರೇಶ ಅದನ್ನು ಕ್ಯಾಸೆಟ್ಟಿನಿಂದ ಕಲಿತಿರಲು ಸಾಧ್ಯವಿಲ್ಲ, ಕಣ್ಣಾರೆ ಕಂಡ ಯಾರಿಂದಲೋ ಕಲಿತಿದ್ದಾನೆ. ಯಾರೆಂದು ತಿಳಿಯಲು ದಾರಿ ಒಂದೇ. ಅದನ್ನು ಅವಳೇ ಮುಚ್ಚಿದ್ದಳು.

ಶುಕ್ರವಾರ ಇಡೀ ದಿನ ಪ್ರಯೋಗಾಲಯದಲ್ಲಿ ಅವಳು ತೊಳೆದ ಬ್ಯುರೆಟ್ಟುಗಳನ್ನೇ ಮತ್ತೆ ತೊಳೆದಳು. ಐದು ಗಂಟೆಗೆ ಸಪ್ತಾಪುರದ ಆ ಕಟ್ಟಡದ ಮೆಟ್ಟಿಲು ಹತ್ತಿ, ಒಂದು ಸಲ ಇಳಿದು, ಮತ್ತೆ ಹತ್ತಿದಳು.

ಬಾಗಿಲು ತೆರೆದ ಅಮರೇಶನಿಗೆ ಅವಳು ತನ್ನ ಹೆಸರು ಹೇಳಿದಾಗ ಅವನು ಗಾಬರಿಯಾದ. “ನೀವ್ ಬರಂಗಿಲ್ಲಲ್ರಿ ಮೇಡಂ? ರೂಲ್ಸ್ ಐತಲ್ರಿ.”

“ರೂಲ್ಸ್ ನಂದಾ. ಮುರದವಳೂ ನಾನಾ. ಇಟ್ಟಂಗಿ ಇಡೂದು ಎಲ್ಲಿ ಕಲತಿ ಹೇಳಪಾ.”

ಅವನ ತಾಯಿ ಅಣ್ಣಿಗೇರಿಯವರು. ಅವರು ಏಳನೆಯ ತರಗತಿಯಲ್ಲಿದ್ದಾಗ ಊರಿಗೆ ಕಂಪನಿ ಬಂದಿತ್ತು; ಆ ವರ್ಷ ಎಂಬತ್ತಾರು. ಅಲ್ಲಿ ಕಂಡ ಕುರ್ಚಿಯನ್ನು ಅವರು ಇವತ್ತಿಗೂ ಮನೆಯಲ್ಲಿ ಮಕ್ಕಳನ್ನು ನಗಿಸಲು ಒರೆಸುತ್ತಾರೆ. ಅಮರೇಶ ಅಲ್ಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಒರೆಸಿದವರು ಯಾರು, ಯಾವುದರಿಂದ ಎಂದು ಜಯಮಾಲಾ ಕೇಳಿದಳು. ತನಗೆ ಗೊತ್ತಿದ್ದುದನ್ನು ಬಾಯಿಬಿಡಲಿಲ್ಲ.

“ಹೆಣ್ಣಮಗಳ್ರೀ,” ಎಂದರು ಆ ತಾಯಿ. “ಸೆರಗಿಲೆ ಒರಸ್ತಿದ್ಲು. ಹೆಸರು ಗೊತ್ತಿಲ್ರಿ. ಗಂಡಸು ಸುಮ್ನ ನಿಂತಿರ್ತಿದ್ದ.”

ಜಯಮಾಲಾ ಆ ಸಂಜೆಯೇ ಗುಂಪಿನಲ್ಲಿ ಬರೆದಳು. ನಮೂದು ೨೧೨ ತಪ್ಪು. ಮೂಲ ಕಸ್ತೂರೆವ್ವ. ಇದನ್ನು ತಿಳಿಯಲು ನಾನು ಎರಡನೆಯ ನಿಯಮ ಮುರಿದಿದ್ದೇನೆ. ಹನ್ನೆರಡು ಜನ ಗುಂಪು ಬಿಟ್ಟರು. ಇನ್ನು ಮುಂದೆ ಎಲ್ಲರೂ ಹೋಗಿ ಹುಡುಗರ ಬಾಗಿಲು ತಟ್ಟೋಣವೇ ಎಂದು ಒಬ್ಬರು ಕೆಣಕಿದರು. ಅದರಲ್ಲಿ ನ್ಯಾಯವಿದೆಯೆಂದು ಅವಳಿಗೂ ಅನ್ನಿಸಿತು. ಗುಂಪು ನಡೆಸುವ ಹೊಣೆಯನ್ನು ಯಾಸೀನನಿಗೆ ಒಪ್ಪಿಸಿದಳು.

ಶನಿವಾರ, ಕಂತಿನ ಮೊದಲಿಗೆ ಹಾಕಲು ಅಮರೇಶ ಮಾಡಿದ ಹೊಸ ಹೆಸರಿನ ಫಲಕದ ಫೋಟೊವನ್ನು ಕಸ್ತೂರೆವ್ವನಿಗೆ ತೋರಿಸಲು ಹೋದಳು. ಮುದುಕಿ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಮಡಿವಾಳಪ್ಪನ ಹೆಸರೆಲ್ಲಿ ಎಂದು ಕೇಳಿದಳು. ತೆಗೆಸಿದ್ದೇವೆ ಎಂದಳು ಜಯಮಾಲಾ.

“ತಗೀಬ್ಯಾಡ್ರಿ. ಅಂವ ಹಂಗ ಬೆವರಕೊಂತ ನಿಂತಾಗಲೇ ನನಗದು ಹೊಳೀತು. ನನ್ನ ಕೆಳಗ ಹಾಕ್ರಿ, ಆದ್ರ ಹಾಕ್ರಿ.”

ಅಮರೇಶ ಗೊಣಗುತ್ತಲೇ ಮೂರನೆಯ ಸಲ ಫಲಕ ಮಾಡಿದ. ಭಾನುವಾರ ಹನ್ನೊಂದಕ್ಕೆ ಅದು ನಾಲ್ಕು ಸೆಕೆಂಡು ನಿಂತಿತು, ಮೇಲೊಂದು ಹೆಸರು, ಕೆಳಗೊಂದು. ಕಂತು ಮುಗಿಯುವ ಮೊದಲೇ ಕಸ್ತೂರೆವ್ವನ ಫೋನ್ ಬಂತು.

“ನೋಡಿದೆ. ಛಲೋ ಆಗೇತಿ. ಆದ್ರ ಹೋದ ವಾರ ಆ ಹುಡುಗ ಕುರ್ಚಿ ಒರಸೂದು ಭಾಳ ಲಗೂ ಮುಗಿಸ್ಯಾನ. ಮಂದಿಗೆ ಕುರ್ಚಿ ಕಾಣೂತನಾ ಒರಸಬೇಕು, ಯವ್ವಾ. ಮಂಗಳವಾರ ಕಳಸು ಅಂವನ್ನ.”