ಎರಡನೇ ಗೋಲ್‌ಕೀಪರ್

ಗೋವಾದ ಒಂದು ದೊಡ್ಡ ಫುಟ್‌ಬಾಲ್ ಕ್ಲಬ್ಬಿನಲ್ಲಿ ನಾನು ಎರಡು ವರ್ಷ ಎರಡನೇ ಗೋಲ್‌ಕೀಪರ್ ಆಗಿದ್ದೆ. ಆ ಕೆಲಸ ಎಂಥದ್ದೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೇರೆ ಜಾಗದಲ್ಲಿ ಆಡುವವನು ಹೊರಗೆ ಕೂತಿದ್ದರೂ ಕೊನೆಯ ಇಪ್ಪತ್ತು ನಿಮಿಷಕ್ಕಾದರೂ ಕರೆ ಬಂದೀತೆಂದು ಕಾಯಬಹುದು. ಗೋಲ್‌ಕೀಪರನಿಗೆ ಅದೂ ಇಲ್ಲ. ಮೊದಲನೆಯವನಿಗೆ ಪೆಟ್ಟಾಗಬೇಕು, ಇಲ್ಲವೇ ರೆಫರಿ ಅವನನ್ನು ಹೊರಗೆ ಕಳಿಸಬೇಕು. ನಮ್ಮ ಮೊದಲ ಗೋಲ್‌ಕೀಪರನಿಗೆ ಆ ಎರಡು ವರ್ಷದಲ್ಲಿ ನೆಗಡಿ ಕೂಡ ಬರಲಿಲ್ಲ.

ಅವನು ನನಗಿಂತ ಎಂಟು ವರ್ಷ ದೊಡ್ಡವನು, ಅಲ್ಲಿಯವನೇ, ಬಹಳ ಒಳ್ಳೆಯ ಮನುಷ್ಯ. ಭಾನುವಾರ ಮನೆಗೆ ಕರೆದು ಊಟ ಹಾಕಿಸುತ್ತಿದ್ದ. ಪಂದ್ಯಕ್ಕೆ ಮುಂಚೆ ಅರ್ಧ ಗಂಟೆ ನಾನು ಅವನತ್ತ ಚೆಂಡು ಒದೆಯುತ್ತಿದ್ದೆ, ಅವನು ಹಿಡಿಯುತ್ತಿದ್ದ. ಆಮೇಲೆ ಅವನು ನನ್ನ ಭುಜ ತಟ್ಟಿ ಮೈದಾನಕ್ಕೆ ಇಳಿಯುತ್ತಿದ್ದ. ನಾನು ಬದಲಿ ಆಟಗಾರರು ತೊಡುವ ತೋಳಿಲ್ಲದ ಹಸಿರು ಅಂಗಿ ಹಾಕಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದೆ. ಅವನಿಗೆ ಕೆಟ್ಟದಾಗಲಿ ಎಂದು ನಾನು ಎಂದೂ ಬಯಸಲಿಲ್ಲ. ಆದರೆ ಅವನು ಬಿದ್ದು ಏಳಲು ತಡಮಾಡಿದಾಗ ಒಂದೆರಡು ಸಲ ನಾನು ಅಗತ್ಯಕ್ಕಿಂತ ಬೇಗ ಎದ್ದು ನಿಂತದ್ದುಂಟು.

ಬೈಲಹೊಂಗಲದ ನಮ್ಮ ಮನೆಯಲ್ಲಿ ಅವ್ವ ಎಲ್ಲ ಪಂದ್ಯಗಳನ್ನೂ ಟಿವಿಯಲ್ಲಿ ನೋಡುತ್ತಿದ್ದಳು. ಓಣಿಯ ನಾಲ್ಕು ಹೆಂಗಸರನ್ನೂ ಕರೆದು ಕೂರಿಸಿಕೊಳ್ಳುತ್ತಿದ್ದಳು. ಆಟ ಮುಗಿದ ಮೇಲೆ ಫೋನು.

“ನಿನ್ನ ಎರಡ ಸಲ ತೋರಿಸಿದ್ರು. ಒಮ್ಮೆ ನೀರ ಕುಡ್ಯಾಕತ್ತಿದ್ದಿ.”

“ಗೆದ್ವಿ ಯವ್ವಾ.”

“ಹೌದಂತಲ್ಲ. ಸ್ವಲ್ಪ ಸೊರಗಿದಂಗ ಕಾಣಸ್ತಿ. ಊಟಾ ಛಲೋ ಮಾಡ್ತಿಯೋ ಇಲ್ಲೋ?”

ಸೊರಗಿರಲಿಲ್ಲ. ಅಷ್ಟು ಚೆನ್ನಾಗಿ ಉಂಡದ್ದು, ಅಷ್ಟು ಮೆತ್ತನೆಯ ಹಾಸಿಗೆಯಲ್ಲಿ ಮಲಗಿದ್ದು ನನ್ನ ಜೀವನದಲ್ಲೇ ಇರಲಿಲ್ಲ. ಅಪ್ಪ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಮಷೀನಿನ ಮಿಸ್ತ್ರಿಯಾಗಿದ್ದವನು. ನಾನು ಕಿತ್ತೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವನು. ಅಲ್ಲಿ ಗೋಲಿನಲ್ಲಿ ನಿಲ್ಲುವವನಿಗೆ ಜ್ವರ ಬಂದ ದಿನ ಆಟದ ಮಾಸ್ತರರು ಎತ್ತರ ನೋಡಿ ನನ್ನನ್ನು ನಿಲ್ಲಿಸಿದರು. ಆಮೇಲೆ ಅಲ್ಲಿಂದ ಕದಲಿಸಲಿಲ್ಲ. ಬೆಳಗಾವಿಯ ಒಂದು ತಂಡದಲ್ಲಿ ಮೂರು ವರ್ಷ ಆಡಿದೆ. ಅಲ್ಲಿ ನನ್ನನ್ನು ನೋಡಿ ಗೋವಾದವರು ಕರೆದರು. ಅಷ್ಟರಲ್ಲಿ ರಾಮದುರ್ಗದ ಹುಡುಗಿಯೊಂದಿಗೆ ನನ್ನ ಮದುವೆಯಾಗಿತ್ತು. ಅವಳು ಬೈಲಹೊಂಗಲದ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಷೀನು ಹಾಕಿ ಬ್ಲೌಸು ಹೊಲಿಯುತ್ತಿದ್ದಳು.

ಎರಡನೇ ವರ್ಷದ ಕೊನೆಗೆ ಒಪ್ಪಂದ ಮುಗಿಯಿತು. ಕ್ಲಬ್ಬಿನವರು ಇನ್ನೂ ಮೂರು ವರ್ಷಕ್ಕೆ ಹೊಸ ಒಪ್ಪಂದ ಮುಂದಿಟ್ಟರು, ಸಂಬಳ ಹೆಚ್ಚುಕಡಿಮೆ ಎರಡರಷ್ಟು. ಎರಡನೇ ಗೋಲ್‌ಕೀಪರ್ ಆಗಿಯೇ, ಎಂದು ಮ್ಯಾನೇಜರ್ ಮುಚ್ಚುಮರೆಯಿಲ್ಲದೆ ಹೇಳಿದರು. ಅದೇ ವಾರ ಬೆಳಗಾವಿಯ ಇನ್ನೊಂದು ಸಣ್ಣ ಕ್ಲಬ್ಬಿನಿಂದ ಕರೆ ಬಂತು. ಅವರು ಕೊಡುವ ಸಂಬಳ ನನ್ನ ಹಳೆಯ ಸಂಬಳದ ಅರ್ಧವೂ ಇರಲಿಲ್ಲ. ಆದರೆ ಎಲ್ಲ ಪಂದ್ಯಕ್ಕೂ ಗೋಲಿನಲ್ಲಿ ನಾನೇ. ಹತ್ತು ದಿನ ಸಮಯ ಕೇಳಿಕೊಂಡು ಊರಿಗೆ ಬಂದೆ.

ಅಪ್ಪನಿಗೆ ಇದರಲ್ಲಿ ಯೋಚಿಸುವಂಥದ್ದು ಏನಿದೆ ಎಂದೇ ತಿಳಿಯಲಿಲ್ಲ. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಎಲ್ಲ ಕೇಳಿಸಿಕೊಂಡು ಹೇಳಿದ:

“ತಮ್ಮಾ, ನಾ ಜನ್ಮಪೂರ್ತಿ ಮಷೀನ ಮುಂದ ನಿಂತ ದುಡದೇನಿ. ಯಾರರ ನನಗ, ‘ನೀ ಬಾಜೂಕ ಕುಂಡ್ರಪಾ, ಪಗಾರ ಡಬಲ್ ಕೊಡ್ತೇವಿ’ ಅಂದಿದ್ರ ಕೈ ಮುಗದ ಕುಂಡ್ರತಿದ್ನಿ.”

“ಅದು ಮಷೀನಪಾ. ಇದು ಆಟ.”

“ನಿನಗ ಇದ ಕೆಲಸ ಹೌದಲ್ಲೋ? ಕೆಲಸ ಅಂದಮ್ಯಾಲ ಹೆಚ್ಚ ಕೊಡಾವ ದೊಡ್ಡಾವ.”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಆಗ ಇಪ್ಪತ್ತೇಳು. ಮೂರು ವರ್ಷ ಕೂತರೆ ಮನೆಯ ಮೇಲೆ ಒಂದು ಅಂತಸ್ತು ಏರುತ್ತಿತ್ತು, ಕಾರು ಬರುತ್ತಿತ್ತು. ನಾನೂ ಹೆಚ್ಚುಕಡಿಮೆ ಅದಕ್ಕೇ ಒಪ್ಪಿಕೊಂಡಿದ್ದೆ. ನನ್ನ ಹೆಂಡತಿಯೂ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಅವಳು ಮೂರನೇ ದಿನ ಬಟ್ಟೆಗೆ ಕಾಜಾ ಹೊಲಿಯುತ್ತ, ತಲೆ ಎತ್ತದೆ ಕೇಳಿದಳು.

“ಒಂದ ಮಾತ ಹೇಳ್ಲೇನ್ರಿ?”

“ಹೇಳು.”

“ಬೆಳಗಾವ್ಯಾಗ ಆಡಾಕತ್ತಾಗ ಸೋತ ಬಂದ್ರ ನನ್ನ ಕೂಡ ಜಗಳಾ ತಗೀತಿದ್ರಿ. ಗೆದ್ದ ಬಂದ್ರ ಉಣ್ಣೂದ ಬಿಟ್ಟ ಆ ಬಾಲ್ ಹಿಂಗ ಬಂತು, ಹಂಗ ಹಿಡದ್ನಿ ಅಂತ ಹೇಳ್ಕೋತ ಕುಂಡ್ರತಿದ್ರಿ. ನನಗರ ಏನೂ ತಿಳೀತಿರಲಿಲ್ಲ. ಈಗ ಎರಡ ವರ್ಷ ಆತು. ಸೋತ್ರೂ ಅಷ್ಟ, ಗೆದ್ರೂ ಅಷ್ಟ. ಬರ್ತೀರಿ, ಉಣ್ತೀರಿ, ಮಲಗತೀರಿ.”

“ವಯಸ್ಸಾತು, ಶಾಂತ ಆಗೇನಿ ಅಂತ ತಿಳಕೊ.”

“ಅದು ಶಾಂತ ಅಲ್ರಿ,” ಎಂದು ಹೇಳಿ ಮಷೀನು ತುಳಿಯತೊಡಗಿದಳು.

ಮರುದಿನ ಕಿತ್ತೂರಿನಲ್ಲಿ ನನ್ನನ್ನು ಗೋಲಿನಲ್ಲಿ ನಿಲ್ಲಿಸಿದ್ದ ಆಟದ ಮಾಸ್ತರರನ್ನು ಕಾಣಲು ದೇಗಾಂವಕ್ಕೆ ಹೋದೆ. ಅವರು ನಿವೃತ್ತರಾಗಿ ತಮ್ಮ ಊರಲ್ಲೇ ಇದ್ದರು. ಮಧ್ಯಾಹ್ನದ ಹೊತ್ತು ಕಮಲನಾರಾಯಣ ಗುಡಿಯ ಕಂಬಗಳ ನೆರಳಿನಲ್ಲಿ ಪೇಪರ್ ಓದುತ್ತ ಕೂರುವುದು ಅವರ ರೂಢಿ. ಎರಡೂ ಕರೆಗಳ ವಿಷಯ ಹೇಳಿದೆ. ಯಾವುದು ಒಳ್ಳೆಯದೆಂದು ಅವರು ಹೇಳಲಿಲ್ಲ.

“ಪೂರಾ ತೊಂಬತ್ತ ಮಿನಿಟ ಕಡೀಗೆ ಯಾವಾಗ ಆಡಿದಿ?” ಎಂದು ಕೇಳಿದರು.

ಬೆರಳು ಮಡಿಚಿ ಲೆಕ್ಕ ಹಾಕಬೇಕಾಯಿತು. “ಹದಿನಾಲ್ಕ ತಿಂಗಳಾತ್ರಿ ಸರ. ಅದೂ ಫ್ರೆಂಡ್ಲಿ ಮ್ಯಾಚ್.”

“ರವಿವಾರ ಸವದತ್ತ್ಯಾಗ ಟೂರ್ನಮೆಂಟ್ ಐತಿ. ನನ್ನ ಹಳೇ ವಿದ್ಯಾರ್ಥಿಗಳದ ಒಂದ ಟೀಮ್ ಐತಿ. ಅವರ ಕೀಪರ್ ಯಾರದೋ ಮದುವಿಗೆ ಹೋಗ್ಯಾನ. ಬಂದ ನಿಲ್ಲು.”

“ಸರ, ಕೈಗೀಗೆ ಪೆಟ್ಟ ಬಿದ್ರ ಎರಡೂ ಕಡೆ ಕೆಲಸ ಹೋಗ್ತೈತಿ.”

“ಹಂಗಾರ ಬರಬ್ಯಾಡ,” ಎಂದು ಅವರು ಪೇಪರಿನ ಪುಟ ತಿರುಗಿಸಿದರು.

ಭಾನುವಾರ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸವದತ್ತಿಗೆ ಹೋದೆ. ಮೈದಾನ ಗುಡ್ಡಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ಯಲ್ಲಮ್ಮನ ದರ್ಶನಕ್ಕೆ ಹೊರಟವರು ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿ ಮುಂದೆ ಹೋಗುತ್ತಿದ್ದರು. ನಮ್ಮ ತಂಡದಲ್ಲಿ ಬ್ಯಾಂಕಿನ ಗುಮಾಸ್ತನೊಬ್ಬ, ಇಬ್ಬರು ಶಾಲೆಯ ಮಾಸ್ತರರು, ಉಳಿದವರು ಹೊಲ ಅಂಗಡಿ ನೋಡಿಕೊಳ್ಳುವವರು. ಗೋವಾದ ದೊಡ್ಡ ಕ್ಲಬ್ಬಿನವನು ಬಂದಿದ್ದಾನೆಂದು ಎಲ್ಲರಿಗೂ ಹುರುಪು. ನಾನು ಹೊಸ ಗ್ಲೌಸು ಹಾಕಿಕೊಂಡು ನಿಂತೆ. ಇವರ ಮುಂದೆ ನನಗೆ ಎಂಥ ಕಷ್ಟ ಎಂಬ ಭಾವನೆ ಇತ್ತು, ಸುಳ್ಳು ಹೇಳುವುದಿಲ್ಲ.

ಹತ್ತನೇ ನಿಮಿಷಕ್ಕೆ ಬಲಗಡೆಯಿಂದ ಒಂದು ಕಾರ್ನರ್ ಬಂತು. ಎತ್ತರದ, ನಿಧಾನದ ಚೆಂಡು. ಅಭ್ಯಾಸದಲ್ಲಿ ಅಂಥವನ್ನು ದಿನಕ್ಕೆ ನೂರು ಹಿಡಿಯುತ್ತಿದ್ದೆ. ಮುಂದೆ ಓಡಿದೆ, ಹಾರಿದೆ, ಚೆಂಡು ನನ್ನ ಬೆರಳಿನ ಮೇಲಿಂದ ದಾಟಿಹೋಯಿತು. ಎದುರು ತಂಡದಲ್ಲಿ ಗೊಬ್ಬರದ ಅಂಗಡಿಯ ದಪ್ಪನೆಯ ಮನುಷ್ಯನೊಬ್ಬನಿದ್ದ. ಅವನು ನಿಂತಲ್ಲೇ ತಲೆ ಕೊಟ್ಟ. ಗೋಲು. ಅವನಿಗೇ ಆಶ್ಚರ್ಯವಾಗಿ ನನ್ನ ಮುಖ ನೋಡಿದ. ಅಭ್ಯಾಸದಲ್ಲಿ ಮುಂದೆ ಯಾರೂ ತಳ್ಳುವುದಿಲ್ಲ, ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ, ತಪ್ಪಿದರೆ ಇನ್ನೊಂದು ಚೆಂಡು ಬರುತ್ತದೆ. ಇಲ್ಲಿ ಬರಲಿಲ್ಲ.

ಎರಡನೇ ಗೋಲು ಇನ್ನೂ ನಾಚಿಕೆಯದು. ಚೆಂಡೊಂದು ನನ್ನ ಮತ್ತು ಬ್ಯಾಂಕಿನ ಗುಮಾಸ್ತನ ನಡುವೆ ಬಿತ್ತು. ಇಬ್ಬರೂ ಓಡಿದೆವು, ಡಿಕ್ಕಿ ಹೊಡೆದೆವು. ಚೆಂಡು ಮೂರನೆಯವನ ಕಾಲಿಗೆ ಸಿಕ್ಕಿತು. ಗುಮಾಸ್ತ ಮಣ್ಣು ಕೊಡವಿಕೊಂಡು ಎದ್ದು ಮೆಲ್ಲಗೆ ಹೇಳಿದ:

“ಸರ, ತಪ್ಪ ತಿಳಕೋಬ್ಯಾಡ್ರಿ. ನೀವು ಒದರಬೇಕ್ರಿ. ಹಿಂದಿಂದ ನೀವು ಹೇಳದಿದ್ರ ನಮಗ ಹ್ಯಾಂಗ ತಿಳೀಬೇಕ್ರಿ?”

ಗೋಲ್‌ಕೀಪರನಿಗೆ ಕಲಿಸುವ ಮೊದಲ ಪಾಠ ಅದು. ಇಡೀ ಮೈದಾನ ಕಾಣುವುದು ಅವನೊಬ್ಬನಿಗೆ, ಹಾಗಾಗಿ ಅವನು ಕೂಗುತ್ತಲೇ ಇರಬೇಕು. ಬೆಂಚಿನ ಮೇಲೆ ಕೂತು ಕೂತು ನನಗೆ ಬಾಯಿ ಕಟ್ಟಿಹೋಗಿತ್ತು. ಅದು ನನ್ನ ಅರಿವಿಗೇ ಬಂದಿರಲಿಲ್ಲ.

ಎರಡನೇ ಅರ್ಧದಲ್ಲಿ ಕೂಗಲು ಶುರುಮಾಡಿದೆ. ಎಡಕ್ಕೆ, ಬಿಡು, ನಂದು, ಹಿಂದ ಬರ್ರಿ. ಮೊದಲು ದನಿ ಒಡೆಯಿತು, ಆಮೇಲೆ ಕೂತಿತು, ಆದರೂ ಬಿಡಲಿಲ್ಲ. ಒಬ್ಬನ ಕಾಲಿನಿಂದ ಚೆಂಡು ಕಸಿದುಕೊಳ್ಳುವಾಗ ಮೊಳಕೈ ತರಚಿತು. ಅದು ಉರಿಯುತ್ತಿದೆ ಎಂದು ಗೊತ್ತಾಗಿದ್ದು ಆಟ ಮುಗಿದ ಮೇಲೆ. ಮೂರು–ಎರಡರಿಂದ ಸೋತೆವು.

ವಾಪಸು ಬರುವಾಗ ಮಾಸ್ತರರು ಬೈಕಿನ ಹಿಂದಿನಿಂದ ಹೇಳಿದರು, “ಮೊದಲನೇ ಗೋಲು ನಿಂದು. ಎರಡನೇದ್ದೂ ನಿಂದು.”

“ಮೂರನೇದ್ದು, ಸರ?”

“ಅದನ್ನ ಯಾರ ಅಪ್ಪನೂ ಹಿಡೀತಿರಲಿಲ್ಲ ಬಿಡು.”

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಅವರನ್ನು ದೇಗಾಂವದಲ್ಲಿ ಬಿಟ್ಟು ಮನೆಗೆ ಬಂದಾಗ ಸಂಜೆಯಾಗಿತ್ತು. ಹೆಂಡತಿ ಮೊಳಕೈ ತೊಳೆದು ಔಷಧಿ ಹಚ್ಚುತ್ತಿದ್ದಳು. ಕೂತ ದನಿಯಲ್ಲೇ ನಾನು ಎರಡನೇ ಅರ್ಧದ ಕಥೆ ಶುರುಮಾಡಿದೆ. ತಟ್ಟೆಗೆ ರೊಟ್ಟಿ ಬಿದ್ದರೂ ನಿಲ್ಲಿಸಲಿಲ್ಲ. ಅವಳು ಸ್ವಲ್ಪ ಹೊತ್ತು ಕೇಳಿ, “ಆತು, ಗೊತ್ತಾತ ಬಿಡ್ರಿ. ಬೆಳಗಾವ್ಯಾಗ ಮನಿ ಹುಡುಕೂಣು,” ಎಂದಳು.

ಗೋವಾದ ಮ್ಯಾನೇಜರ್ ನನ್ನ ಉತ್ತರವನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಬೇಸರ ಮಾಡಿಕೊಳ್ಳಲಿಲ್ಲ. ಮೊದಲ ಗೋಲ್‌ಕೀಪರ್ ಆ ಸಂಜೆಯೇ ಫೋನು ಮಾಡಿದ. ತಾನೂ ಚಿಕ್ಕವನಿದ್ದಾಗ ಆರು ವರ್ಷ ಬೆಂಚಿನ ಮೇಲೆ ಕೂತಿದ್ದೆ, ಆದರೆ ಬೇರೆ ಯಾರೂ ಕರೆದಿರಲಿಲ್ಲ ಎಂದು ಹೇಳಿದ. ನಾವಿಬ್ಬರೂ ಎರಡು ವರ್ಷದಲ್ಲಿ ಎಂದೂ ಅಷ್ಟು ಹೊತ್ತು ಮಾತಾಡಿರಲಿಲ್ಲ.

ಬೆಳಗಾವಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಕಾರಿನ ಮಾತು ಬಿಟ್ಟೆವು. ಹೆಂಡತಿ ಮಷೀನುಗಳನ್ನು ಅಲ್ಲಿಗೇ ತಂದಳು. ಹೊಸ ಕ್ಲಬ್ಬು ಎಷ್ಟು ಸಣ್ಣದೆಂದರೆ ಜರ್ಸಿ ನಾವೇ ಒಗೆದುಕೊಳ್ಳಬೇಕಿತ್ತು. ಮೊದಲ ಮೂರು ಪಂದ್ಯ ಸಾಲಾಗಿ ಸೋತೆವು. ಮೂರನೆಯದನ್ನು ಸೋತು ಬಂದ ದಿನ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ನಾನು ಜಗಳ ತೆಗೆದೆ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಾಲ್ಕನೆಯದನ್ನು ಗೆದ್ದೆವು.

ಅವ್ವ ಒಮ್ಮೆ ನೋಡಲು ಬಂದಳು. ಮೈದಾನಕ್ಕೆ ಬಂದು ಆಟ ನೋಡಿದ್ದು ಅವಳ ಜೀವನದಲ್ಲಿ ಅದೇ ಮೊದಲು. ಚೆಂಡು ನನ್ನ ಕಡೆ ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳಂತೆ, ಹೀಗಾಗಿ ನಾನು ಹಿಡಿದ ಒಂದು ಚೆಂಡನ್ನೂ ನೋಡಲಿಲ್ಲ. ಮುಗಿದ ಮೇಲೆ ಕೇಳಿದ್ದು ಒಂದೇ ಮಾತು:

“ಯಾಕೋ ಹಂಗ ಎಲ್ಲಾರಿಗೂ ಬೈಯಾಕತ್ತಿದ್ದಿ? ಪಾಪ, ಅವರೂ ಓಡಾಕತ್ತಿದ್ರಲ್ಲ.”

ಆ ವರ್ಷದ ನಡುವೆಯೇ ಗೋವಾದಿಂದ ಸುದ್ದಿ ಬಂತು. ಅಷ್ಟು ವರ್ಷ ಏನೂ ಆಗದಿದ್ದ ಮೊದಲ ಗೋಲ್‌ಕೀಪರನ ಮುಂಗೈ ಮುರಿದಿತ್ತು. ನನ್ನ ಜಾಗಕ್ಕೆ ಬಂದಿದ್ದ ಹುಡುಗ ಉಳಿದ ಪಂದ್ಯಗಳನ್ನೆಲ್ಲ ಆಡಿದ, ಚೆನ್ನಾಗಿಯೇ ಆಡಿದ, ಹೆಸರು ಮಾಡಿದ. ಅವನ ಫೋಟೊ ಪೇಪರಿನಲ್ಲಿ ಬಂತು. ಅಪ್ಪ ಅದನ್ನು ನೋಡಿ ಫೋನು ಮಾಡಿದ.

“ಆರ ತಿಂಗಳ ತಡಕೊಂಡಿದ್ರ ಆ ಜಾಗಾದಾಗ ನೀ ಇರ್ತಿದ್ದಿ.”

“ಹೌದಪಾ.”

“ಏನೂ ಅನಸೂದಿಲ್ಲೇನ ನಿನಗ?”

ಅನಿಸಿತ್ತು. ಎರಡು ದಿನ ಅನ್ನ ರುಚಿಸಿರಲಿಲ್ಲ. ಆದರೆ ಗುರುವಾರ ನಮ್ಮದೊಂದು ಪಂದ್ಯವಿತ್ತು. ಮೈದಾನಕ್ಕೆ ಇಳಿದು ಮೊದಲ ಚೆಂಡು ಕೈಗೆ ಬಂದಾಗ ಗೋವಾದ ನೆನಪೇ ಆಗಲಿಲ್ಲ. ಅವನ ಕೈ ಮುರಿಯಲಿ ಎಂದು ಕಾಯುವ ಕೆಲಸ ನನಗಿರಲಿಲ್ಲವಲ್ಲ ಎಂಬ ಸಮಾಧಾನವೂ ಇತ್ತು. ಅಪ್ಪನಿಗೆ ಇದನ್ನೆಲ್ಲ ವಿವರಿಸಲು ಹೋಗಲಿಲ್ಲ. “ಅನಸ್ತೈತಪಾ. ಆಡಾಕ ಹೋದ್ರ ಮರತ ಹೋಗ್ತೈತಿ,” ಎಂದಷ್ಟೇ ಹೇಳಿದೆ. ಅವನು “ಹೂಂ” ಎಂದು, ಬೈಲಹೊಂಗಲದಲ್ಲಿ ಆ ವರ್ಷ ಹತ್ತಿ ಹೇಗೆ ಬಂದಿದೆ ಎಂದು ಹೇಳತೊಡಗಿದ. ಮನೆಯ ಮೇಲೆ ಅಂತಸ್ತು ಏರಲಿಲ್ಲವೆಂದು ಅವನು ಇಂದಿಗೂ ನನ್ನ ನಿರ್ಧಾರವನ್ನು ಒಪ್ಪಿಲ್ಲ. ನಾನೂ ಅವನನ್ನು ಒಪ್ಪಿಸಲು ಹೋಗಿಲ್ಲ.

ಬೆಳಗಾವಿಯಲ್ಲಿ ಐದು ವರ್ಷ ಆಡಿದೆ. ಕಪ್ ಗೆದ್ದದ್ದು ಒಂದೇ ಸಲ. ಮಂಡಿ ಮಾತು ಕೇಳದಾದಾಗ ನಾನೇ ನಿಲ್ಲಿಸಿದೆ. ಈಗ ರಾಮದುರ್ಗದ ಒಂದು ಶಾಲೆಯಲ್ಲಿ ಆಟದ ಮಾಸ್ತರನಾಗಿದ್ದೇನೆ. ಹೆಂಡತಿಗೆ ತವರೂರಿಗೆ ಬಂದ ಖುಷಿ. ಅವಳ ಹೊಲಿಗೆ ಅಂಗಡಿಯಲ್ಲಿ ಈಗ ಮೂರು ಜನ ಕೆಲಸ ಮಾಡುತ್ತಾರೆ. ಭಾನುವಾರ ಬೆಳಿಗ್ಗೆ ಊರಿನ ನೇಕಾರರು, ಮಾಸ್ತರರು ಸೇರಿ ಆಡುತ್ತೇವೆ. ಹೊಟ್ಟೆ ಬಂದವರು, ಕೂದಲು ಹೋದವರು, ಎಲ್ಲರೂ ಓಡುತ್ತಾರೆ.

ಹೋದ ವಾರ ಹೆಂಡತಿಯ ಅಣ್ಣ ಹತ್ತಿರದಿಂದ ಒದ್ದ ಚೆಂಡನ್ನು ತಡೆಯಲು ಹೋಗಿ ನನ್ನ ಬಲಗೈಯ ಕಿರುಬೆರಳು ಊದಿತು. ಆಟ ಮುಗಿಸಿ ಅವನ ಮನೆಗೇ ಊಟಕ್ಕೆ ಹೋದೆವು. ಅವನ ಹೆಂಡತಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿದಳು. ರೊಟ್ಟಿ ಮುರಿಯಲು ಉಳಿದ ನಾಲ್ಕು ಬೆರಳು ಸಾಕಾದವು.