ಕಾದಂಬರಿಯಲ್ಲಿ ಇಲ್ಲದ ಬಸುರಿ

ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದರಷ್ಟು ದಂಡದ ಕೆಲಸ ಇನ್ನೊಂದಿಲ್ಲ. ಬದುಕಿರುವ ಸವತಿಯಾದರೆ ನಾಲ್ಕು ಮಾತು ಅನ್ನಬಹುದು, ಅನ್ನಿಸಿಕೊಳ್ಳಬಹುದು, ಸೆರಗು ಸಿಕ್ಕಿಸಿ ಎದುರಿಗೆ ನಿಲ್ಲಬಹುದು. ಸತ್ತವಳಿಗೆ ಏನು ಮಾಡುತ್ತೀರಿ? ಆಕೆ ಇನ್ನು ಸಾರಿಗೆ ಉಪ್ಪು ಹೆಚ್ಚು ಹಾಕುವುದಿಲ್ಲ, ಎದುರುತ್ತರ ಕೊಡುವುದಿಲ್ಲ, ದಪ್ಪಗಾಗುವುದಿಲ್ಲ. ದಿನಾ ಸೋಲುವವಳು ನಾನೇ.

ನಾನು ಹರಪನಹಳ್ಳಿಯವಳು. ತೊಂಬತ್ತರ ದಶಕದ ಕೊನೆಯಲ್ಲಿ, ಬಿ.ಎ. ಮುಗಿಸಿದ ಮೇಲೆ, ಕೊಟ್ಟೂರಿನ ಒಂದು ಮನೆಗೆ ಎರಡನೇ ಸಂಬಂಧಕ್ಕೆ ನನ್ನನ್ನು ಕೊಟ್ಟರು. ಗಂಡ ಶೇಂಗಾ ವ್ಯಾಪಾರಿ, ಒಳ್ಳೆಯವರು, ಮಾತು ಕಡಿಮೆ. ಮುಂಜಾನೆ ವಿಭೂತಿ ಹಚ್ಚಿಕೊಂಡು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಒಮ್ಮೊಮ್ಮೆ ನನ್ನನ್ನು ಕರೆಯಲು ಬಾಯಿ ತೆರೆದು ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದರು. ಯಾವ ಹೆಸರು ಬಾಯಿಗೆ ಬಂದು ವಾಪಸು ಹೋಯಿತು ಅನ್ನುವುದು ಗೊತ್ತಾಗದಷ್ಟು ದಡ್ಡಿಯಲ್ಲ ನಾನು.

ಮನೆಯಲ್ಲಿ ಇನ್ನು ಉಳಿದವರು ಅತ್ತೆ ಒಬ್ಬರೇ. ಅವರ ಎರಡೂ ಕಣ್ಣಿಗೆ ಪೊರೆ ಬಂದು, ಮಾಡಿಸಿದ ಆಪರೇಷನ್ನೂ ಕೈಕೊಟ್ಟು, ಬೆಳಕು ಯಾವುದು ಕತ್ತಲೆ ಯಾವುದು ಅನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಮೊದಲನೆಯವಳು ಹಡಗಲಿ ಕಡೆಯವಳಂತೆ. ಬಸುರಿ ಇದ್ದಾಗ ತೀರಿಕೊಂಡಳು ಅಂತ ಮದುವೆಗೆ ಮುಂಚೆಯೇ ಹೇಳಿದ್ದರು. ಹೇಗೆ ಅಂತ ಯಾರೂ ಹೇಳಿರಲಿಲ್ಲ. ರೊಟ್ಟಿ ತಟ್ಟಲು ಬರುತ್ತಿದ್ದ ಹೆಂಗಸು ಹೇಳಿದಳು, ಅದೂ ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣೆತ್ತದೆ.

"ಮಟಮಟ ಮಧ್ಯಾಹ್ನ ಅಕ್ಕಾ. ಆ ಕಿಟಕಿ ಕಟ್ಟಿ ಐತಲ್ಲ, ಅದರ ಮ್ಯಾಲೆ ಕುಂತಿದ್ರು. ಕಣ್ಣು ಮ್ಯಾಲಾದ್ವು, ಹಲ್ಲು ಕಚ್ಚಿಕೊಂಡ್ರು, ಕೈಕಾಲು ಸೆಟದು ಹೋದ್ವು. ಗಾಳಿ ಸೋಕಿತ್ತು ಬಿಡ್ರಿ. ಹೊಟ್ಟಿಯಾಗ ಕೂಸಿಟ್ಟುಕೊಂಡು ಸತ್ತಾಕಿ ಮನಿ ಬಿಟ್ಟು ಹೋಗಾಂಗಿಲ್ಲ ಅಂತಾರ."

"ಸುಮ್ಮನೆ ರೊಟ್ಟಿ ಮಾಡು" ಅಂದೆ. ಆದರೆ ಅವತ್ತಿನಿಂದ ಆ ಕಟ್ಟೆಯ ಹತ್ತಿರ ಕಸ ಗುಡಿಸುವಾಗಲೂ ಕೈ ಬೇಗ ಓಡುತ್ತಿತ್ತು.

ಅಂಥ ಕಟ್ಟೆಯ ಮೇಲೇ ಅತ್ತೆ ನನ್ನನ್ನು ಕೂಡಿಸಿದರು. ಒಂದು ಮಧ್ಯಾಹ್ನ ಊಟವಾದ ಮೇಲೆ ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕ ಹಿಡಿದುಕೊಂಡು ಬಂದರು. "ನೀ ಓದಿದಾಕಿ ಅಲ್ಲೇನು? ಇದನ್ನ ಓದವಾ. ಅಲ್ಲಿ ಕಟ್ಟಿ ಮ್ಯಾಲೆ ಕುಂದ್ರು, ಬೆಳಕು ಬರತೈತಿ. ಆಕಿ ಅಲ್ಲೇ ಕುಂತು ನನಗ ಓದತಿದ್ಲು."

ಹಳೆಯ ಕಾದಂಬರಿ. ಒಂದು ಕಾಲಕ್ಕೆ ಮನೆಮನೆಯ ಹೆಂಗಸರೂ ಓದಿ ಕಣ್ಣೀರು ಹಾಕಿದಂಥದ್ದು, ಹೆಸರು ಬೇಡ. ಅದರ ನಾಯಕಿ ದೊಡ್ಡ ಪಟ್ಟಣದ ಉಪ್ಪರಿಗೆ ಮನೆಯ ಹೆಂಡತಿ. ಗಂಡ ಮದುವೆಗೆ ಮುಂಚೆ ಇನ್ನೊಬ್ಬಳನ್ನು ಪ್ರೀತಿಸಿದ್ದ ಅಂತ ಅವಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಶುರು ಅವಳ ಉರಿ. ಆ ಇನ್ನೊಬ್ಬಳ ಹಾಗೆ ತಲೆ ಬಾಚುತ್ತಾಳೆ, ಅವಳು ಉಡುವ ಬಣ್ಣವನ್ನೇ ಉಡುತ್ತಾಳೆ, ಅವಳ ಹಾಗೇ ನಗಲು ಕಲಿಯುತ್ತಾಳೆ. ಒಂದು ದಿನ ಊಟಕ್ಕೆ ಕೂತವಳಿಗೆ ತನಗೆ ಏನು ಸೇರುತ್ತಿತ್ತು ಅನ್ನುವುದೇ ಮರೆತುಹೋಗಿರುತ್ತದೆ. ಕೊನೆಗೆ ಮನೆ ಬಿಟ್ಟು ಬೇರೊಂದು ಊರಿಗೆ ಹೋಗಿ ಹುಡುಗಿಯರಿಗೆ ಪಾಠ ಹೇಳಿಕೊಂಡು ಇರುತ್ತಾಳೆ. ಊಟದ ಆ ಸಾಲನ್ನು ನಾನು ಎರಡು ಸಲ ಓದಿದೆ. ಯಾಕೆಂದರೆ ನಾನೂ ಆ ಮನೆಗೆ ಬಂದಾಗಿನಿಂದ ಮೊದಲನೆಯವಳು ಮಾಡುತ್ತಿದ್ದ ಪಲ್ಯ, ಆಕೆ ಅರೆಯುತ್ತಿದ್ದ ಚಟ್ನಿಯನ್ನೇ ಮಾಡುತ್ತಿದ್ದೆ. ಅತ್ತೆ ಉಂಡು "ಆಕಿ ಕೈರುಚಿ ಬಂದೈತಿ ನೋಡು" ಅಂದ ದಿನ ನಾನು ಖುಷಿಪಟ್ಟಿದ್ದೆ. ಎಂಥ ಕರ್ಮ!

ಓದುವಾಗ ಅತ್ತೆ ಕಂಬಕ್ಕೆ ಒರಗಿ, ಮುಖ ನನ್ನ ಕಡೆ ಮಾಡಿ ಕೂತಿರುತ್ತಿದ್ದರು. ಕಾಣದ ಕಣ್ಣು ನೆಟ್ಟಗೆ ನನ್ನ ಮೇಲೆ. ನಾನು ಪುಟದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವರ ಬೆರಳು ತೊಡೆಯ ಮೇಲೆ ತಾನಾಗಿ ಅಲ್ಲಾಡುತ್ತಿತ್ತು, ಹಾಳೆ ತಿರುವಿದ ಹಾಗೆ. ಎಷ್ಟು ಸಲ ಕೇಳಿದ್ದರೋ, ಯಾವ ಪುಟ ಎಲ್ಲಿ ಮುಗಿಯುತ್ತದೆ ಅನ್ನುವುದು ಆ ಬೆರಳಿಗೆ ಗೊತ್ತಿತ್ತು. ಹೊರಗೆ ಓಣಿಯಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಬಿಸಿಲಿಗೆ ತಗಡು ಚಟ್ ಚಟ್ ಅನ್ನುವುದು ಮಾತ್ರ ಕೇಳುತ್ತಿತ್ತು. ಅವರು "ಆಕಿ" ಅಂದರೆ ಕಾದಂಬರಿಯವಳೋ ಸತ್ತವಳೋ ಅಂತ ನಾನು ಪ್ರತಿ ಸಲ ತಡವರಿಸುತ್ತಿದ್ದೆ.

ಕಾದಂಬರಿ ಮುಗಿದ ದಿನ ನಾನು ಪುಸ್ತಕ ಮುಚ್ಚಿದೆ. ಅತ್ತೆ ಅಲ್ಲಾಡಲಿಲ್ಲ.

"ನಡುವಿಂದು ಬಿಟ್ಟಿ" ಅಂದರು.

"ಏನೂ ಬಿಟ್ಟಿಲ್ಲ ಅತ್ತೆಮ್ಮ. ಅಕ್ಷರ ಅಕ್ಷರ ಓದೀನಿ."

"ಬಿಟ್ಟಿ. ಆಕಿ ಬಸುರಿ ಇರ್ತಾಳಲ್ಲ, ಅದು ಬರಲೇ ಇಲ್ಲ."

ನಾನು ನಕ್ಕುಬಿಟ್ಟೆ. ಆ ಕಾದಂಬರಿಯ ನಾಯಕಿ ಮೊದಲಿಂದ ಕೊನೆಯವರೆಗೆ ಬಸುರಿಯೇ ಆಗುವುದಿಲ್ಲ. ಹಾಗಂತ ಹೇಳಿದೆ. ಅತ್ತೆಯ ಮುಖ ಬಿಗಿಯಿತು. "ಹುಡುಕವಾ. ಐತಿ ಅದು. ನಾ ಕಿವಿಯಾರೆ ಕೇಳೀನಿ."

ಹುಡುಕಿದೆ. ಹಾಳೆ ಹರಿದಿದೆಯೇನೋ ಅಂತ ಪುಟಗಳ ಅಂಕಿ ನೋಡಿದೆ. ಎಲ್ಲ ಸರಿಯಾಗಿತ್ತು. ಸಂಜೆ ಗಂಡನಿಗೆ ಹೇಳಿದರೆ, "ಅವ್ವಗ ವಯಸ್ಸಾತು, ಏನೋ ಅಂತಾಳ" ಅಂದು ತಟ್ಟೆಯ ಮುಂದಿನಿಂದ ಅರ್ಧ ಊಟಕ್ಕೇ ಎದ್ದುಹೋದರು. ಅತ್ತೆ ಮಾತ್ರ ಬಿಡಲಿಲ್ಲ. "ಮತ್ತ ಮೊದಲಿಂದ ಓದು" ಅಂದರು. ಮೊದಲಿಂದ ಓದಿದೆ. ಪ್ರತಿ ಸಲ ಆ ನಡುವಿನ ಪುಟಗಳು ಬಂದಾಗ ಅವರು ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗುತ್ತಿದ್ದರು. ಅದು ಬಾರದೆ ಮುಂದಕ್ಕೆ ಹೋದಾಗ ಅವರ ಮೈ ಕುಸಿಯುತ್ತಿತ್ತು. ನನಗೆ ಒಳಗೊಳಗೇ ದಿಗಿಲು ಹುಟ್ಟಿತು. ಈ ಪುಸ್ತಕ ನನಗೊಂದು ಕಥೆ ಹೇಳುತ್ತಿದೆಯೇ, ಸತ್ತವಳಿಗೆ ಬೇರೆಯೇ ಕಥೆ ಹೇಳಿತ್ತೇ?

ಮರುವರ್ಷ ನಾನು ಬಸುರಿಯಾದೆ. ಮೊದಲ ತಿಂಗಳುಗಳಲ್ಲಿ ವಾಂತಿ ಅಂತ ಮಲಗಿದರೆ ಅತ್ತೆ, "ಬಸುರೇನು ಬ್ಯಾನಿ ಅಲ್ಲ, ಸೋಗು ಮಾಡಬ್ಯಾಡ" ಅಂದಿದ್ದರು. ಆ ಮಾತು ಎಷ್ಟು ನಾಟಿತೆಂದರೆ ಆಮೇಲೆ ಸೊಂಟ ನೋವು ಅಂತಲೂ ನಾನು ಬಾಯಿ ಬಿಡಲಿಲ್ಲ. ಆ ಮನೆಯಲ್ಲಿ "ನನಗ" ಅಂತ ಶುರುವಾಗುವ ಮಾತು ಯಾವ ಸೊಸೆಯ ಬಾಯಿಂದಲೂ ಹೊರಟಿರಲಿಕ್ಕಿಲ್ಲ. ಸೀಮಂತವಾಯಿತು, ಕೈತುಂಬ ಹಸಿರು ಬಳೆ ಇಡಿಸಿದರು. ತವರಿನಿಂದ ಕರೆಯಲು ಬಂದರೆ, "ಅಮಾಸಿ ಕಳೀಲಿ, ಆಮ್ಯಾಲೆ ಕಳಸ್ತೀವಿ" ಅಂದರು ಅತ್ತೆ. ಓದು ಮಾತ್ರ ನಿಲ್ಲಲಿಲ್ಲ.

ಆ ಮಧ್ಯಾಹ್ನ ಕರೆಂಟು ಹೋಗಿತ್ತು. ನಾಯಕಿ ಆ ಇನ್ನೊಬ್ಬಳ ಮನೆಯ ಮುಂದೆ ಹಾದುಹೋಗುವ ಭಾಗ ಓದುತ್ತಿದ್ದೆ. ಬೆಳಗಿನಿಂದ ತಲೆ ಸಿಡಿಯುತ್ತಿತ್ತು. ಓದುತ್ತ ಓದುತ್ತ ಸಾಲುಗಳು ಒಂದರ ಮೇಲೊಂದು ಹತ್ತಿದವು. ನಿಲ್ಲಿಸಿದೆ.

"ಯಾಕ ನಿಂತಿ?"

"ಅಕ್ಷರ ಕಾಣವಲ್ವು ಅತ್ತೆಮ್ಮ."

"ಅದ! ಅದ ನೋಡು!" ಅತ್ತೆ ಮೊಣಕಾಲ ಮೇಲೆ ಎದ್ದು ಕೂತರು. "ಅಲ್ಲೇ ಬರತೈತಿ ಅದು. ಓದು, ಓದು." ನಾನು ಪುಸ್ತಕವನ್ನು ಬೆಳಕಿಗೆ ಹಿಡಿದು ಕಣ್ಣು ಉಜ್ಜಿಕೊಂಡೆ. ಆಗ ಅವರೇ ಶುರು ಮಾಡಿದರು. ಆ ದನಿ ಅತ್ತೆಯದಾಗಿರಲಿಲ್ಲ. ಹರೆಯದ ಹೆಣ್ಣಿನ ದನಿ, ಸಣ್ಣದು, ತಡೆತಡೆದು ಓದುವಂಥದ್ದು.

"ಅಕ್ಷರ ಕುಣಿಯಾಕ ಹತ್ಯಾವು. ಕಣ್ಣ ಮುಂದ ಮಿಂಚುಹುಳ ಹಾರತಾವು. ತಲಿ ಸೀಳಿ ಹೋಗೂವಂಗ ನೋಯ್ತೈತಿ. ಬಳಿ ಕೈಗೆ ಕಚ್ಚಿ ಕುಂತಾವು, ತಗಿಯಾಕ ಬರವಲ್ವು. ಯಾರ ಮುಂದ ಹೇಳಲಿ? ಹೇಳಿದ್ರ ಸೋಗು ಅಂತಾರ. ನಾ ಹೋದ ಮ್ಯಾಲೆ ಇನ್ನೊಬ್ಬಾಕಿ ಬರತಾಳ, ಈ ಕಟ್ಟಿ ಮ್ಯಾಲೆ ಕುಂದರತಾಳ. ಆಕಿ ಮ್ಯಾಲೆ ನನಗ ಈಗಲೇ ಹೊಟ್ಟಿ ಉರೀತೈತಿ."

ಉಪ್ಪರಿಗೆ ಮನೆಯ ಕಥೆಯಲ್ಲಿ ಎಲ್ಲಿಯ ಕಿಟಕಿ ಕಟ್ಟೆ? ಬಸುರಿಯೇ ಆಗದವಳಿಗೆ ಎಲ್ಲಿಯ ಬಳೆ? ಇದು ಮೊದಲನೆಯವಳು ಪುಸ್ತಕದಿಂದ ಓದಿದ್ದಲ್ಲ. ಪುಸ್ತಕ ಮುಂದೆ ಹಿಡಿದುಕೊಂಡು, ಓದುವ ದನಿಯಲ್ಲೇ, ತನ್ನ ಬೇನೆಯನ್ನು ಕಥೆಯವಳ ಮೇಲೆ ಹಾಕಿ ಅತ್ತೆಗೆ ಹೇಳಿದ್ದಳು. ಹಾಗಾದರೂ ಒಂದು ಮಾತು ಕೇಳಲಿ ಅಂತ. ನಾನು ನನ್ನ ಕೈ ನೋಡಿಕೊಂಡೆ. ಹಸಿರು ಬಳೆಗಳು ಚರ್ಮದೊಳಗೆ ಇಳಿದಿದ್ದವು. ಯಾವಾಗಿನಿಂದ ಹಾಗಿದ್ದವೋ ನಾನೇ ನೋಡಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಸಣ್ಣ ಸಣ್ಣ ಕಿಡಿಗಳು ತೇಲುತ್ತಿದ್ದವು, ಕಣ್ಣು ಮುಚ್ಚಿದರೂ ಹೋಗಲಿಲ್ಲ.

ನನ್ನ ಮೇಲೆ ಹೊಟ್ಟೆ ಉರಿದುಕೊಂಡವಳು, ನಾನು ಯಾರೆಂದೇ ತಿಳಿಯದವಳು, ನನಗೆ ಆಗುತ್ತಿರುವುದನ್ನು ಮೊದಲೇ ಹೇಳಿಟ್ಟು ಹೋಗಿದ್ದಳು.

ಪುಸ್ತಕ ಕೆಳಗೆ ಬಿತ್ತು. "ಅತ್ತೆಮ್ಮ, ಇದು ಕಥಿ ಅಲ್ಲ. ನನಗ ಆಗಾಕ ಹತ್ತೈತಿ. ನನಗ ಕಣ್ಣು ಕಾಣವಲ್ವು, ನನಗ ತಲಿ ಸೀಳಾಕ ಹತ್ತೈತಿ, ಸೋಗು ಅನ್ನ್ರಿ ಏನಾರ ಅನ್ನ್ರಿ, ನನ್ನ ದವಾಖಾನಿಗೆ ಕರಕೊಂಡು ಹೋಗ್ರಿ!" ಅಂತ ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ನನ್ನ ದನಿ ಅಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ.

ಕೂಗು ಕೇಳಿ ರೊಟ್ಟಿಯ ಹೆಂಗಸು ಓಡಿಬಂದಳು, ಅವಳೇ ನಮ್ಮ ಶೇಂಗಾ ಅಂಗಡಿಗೆ ಓಡಿದಳು. ಗಂಡ ಬಾಡಿಗೆ ಜೀಪು ತಂದರು. ಕೊಟ್ಟೂರಿನ ಡಾಕ್ಟರು ಬಿಪಿ ನೋಡಿ, ಒಂದು ಇಂಜೆಕ್ಷನ್ ಕೊಟ್ಟು, ತಡಮಾಡದೆ ದಾವಣಗೆರೆಗೆ ಹೋಗಿ ಅಂದರು. ದಾರಿಯಲ್ಲಿ ನನ್ನೂರು ಹರಪನಹಳ್ಳಿ ಬಂದದ್ದೂ ತಿಳಿಯಲಿಲ್ಲ. ಅಲ್ಲಿ ಲೇಡಿ ಡಾಕ್ಟರು, ಇನ್ನೂ ತಡವಾಗಿದ್ದರೆ ಬಿಪಿ ಏರಿ ಫಿಟ್ಸ್ ಬಂದು ತಾಯಿ ಮಗು ಇಬ್ಬರನ್ನೂ ಕಳೆದುಕೊಳ್ಳುತ್ತಿದ್ದಿರಿ ಅಂದರು. ಕಣ್ಣು ಮೇಲಾಗುತ್ತವೆ, ಹಲ್ಲು ಕಚ್ಚಿಕೊಳ್ಳುತ್ತವೆ, ಕೈಕಾಲು ಸೆಟೆಯುತ್ತವೆ ಅಂತ ಬಿಡಿಸಿಯೂ ಹೇಳಿದರು. ನನ್ನ ಗಂಡ ಅಲ್ಲೇ ಗೋಡೆಗೆ ಒರಗಿ ನೆಲಕ್ಕೆ ಕೂತುಬಿಟ್ಟರು. "ಗಾಳಿ ಅಂದಿದ್ವಿ" ಅಂತ ಅಂದು ಮಗುವಿನ ಹಾಗೆ ಅತ್ತರು. ಸತ್ತವಳಿಗಾಗಿ ಅಳುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗಲಿಲ್ಲ, ನನಗೂ ಅಳು ಬಂತು.

ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು, ಅಂಗೈಯಗಲ, ಆದರೂ ಗಟ್ಟಿಗಿತ್ತಿ. ತವರಿನಲ್ಲಿ ಬಾಣಂತನ ಮುಗಿಸಿ ಕೊಟ್ಟೂರಿಗೆ ಬಂದ ದಿನ ಮಧ್ಯಾಹ್ನವೇ ಅತ್ತೆ ನನ್ನ ಹೆಜ್ಜೆ ಸದ್ದು ಕಾಯುತ್ತಿದ್ದರು. ತೊಡೆಯ ಮೇಲೆ ಅದೇ ಪುಸ್ತಕ. ಅವರು ಅರ್ಧಕ್ಕರ್ಧ ಇಳಿದುಹೋಗಿದ್ದರು.

"ಒಂದ ಸಲ ನೋಡವಾ. ಸರಿಯಾಗಿ ನೋಡು. ಅಚ್ಚಾಗಿರಬೇಕು ಅದು."

ಆಗ ನನಗೆ ತಿಳಿಯಿತು, ಇಷ್ಟು ದಿನ ಅವರು ಯಾಕೆ ಹುಡುಕಿಸುತ್ತಿದ್ದರು ಅಂತ. ಅದು ಪುಸ್ತಕದಲ್ಲಿದ್ದರೆ ಅವರು ಕೇಳಿದ್ದು ಬರೀ ಕಥೆ. ಇಲ್ಲದಿದ್ದರೆ, ಎದುರಿಗೆ ಕೂತು ಸಾಯುತ್ತಿದ್ದ ಸೊಸೆ ಹೇಳಿದ್ದನ್ನು ಕೇಳಿಸಿಕೊಂಡು, "ಮುಂದ ಓದು" ಅಂದಿದ್ದರು.

ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದೆ. ಅತ್ತೆ ದನಿ ತಗ್ಗಿಸಿದರು. "ಐತಿ ಅಂತ ಅಂದುಬಿಡು ತಾಯಿ. ನನಗೇನು ಕಾಣತೈತಿ?"

ಅಂದುಬಿಡಬಹುದಿತ್ತು. ಮುದುಕಿ, ಕುರುಡಿ, ಇನ್ನೆಷ್ಟು ದಿನ. ಪಾಪ ಅನ್ನಿಸಿತು ಕೂಡ. ಆದರೆ ಹಾಗಂದರೆ ಆಕೆ ಹೇಳಲೇ ಇಲ್ಲ ಅಂತಾಗುತ್ತಿತ್ತು. ಆಕೆಯ ಬಾಯಿ ನಾನೂ ಮುಚ್ಚಿದ ಹಾಗಾಗುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಇಲ್ಲ ಅತ್ತೆಮ್ಮ. ಅದು ಪುಸ್ತಕದಾಗಿಲ್ಲ. ಆಕಿ ನಿಮಗ ಹೇಳಿದ್ದು."

ಅತ್ತೆ ಅಳಲಿಲ್ಲ, ಬೈಯಲಿಲ್ಲ. ಪುಸ್ತಕವನ್ನು ತೊಡೆಯಿಂದ ಕೆಳಗಿಟ್ಟರು. ಹೊರಗೆ ಬಿಸಿಲು ಕುದಿಯುತ್ತಿತ್ತು. ಆಮೇಲೆ ನಿಧಾನಕ್ಕೆ ನನ್ನ ಕಡೆಯಿಂದ ಮುಖ ತಿರುಗಿಸಿ, ಯಾರೂ ಇಲ್ಲದ ಕಿಟಕಿ ಕಟ್ಟೆಯ ಕಡೆ ನೋಡಿದರು. ಬೆಳಕಿಗೆ ಕೈ ಚಾಚಿದರು.

"ತಲಿ ಬಾಳ ನೋಯ್ತೈತೇನವಾ?" ಅಂತ ಕೇಳಿದರು.